ಕಲ್ಲುಶಿಲುಬೆಯ ಒಡ್ಡು

ಬೆಳಿಗ್ಗೆ ಆರು ಗಂಟೆಗೆ ಏಲಿ ಸತ್ತಳು. ಮಳೆಗಾಲದ ನಡುವಿನ ಕರ್ಕಿಡಕ ಮಾಸ. ಹೊರಗೆ ಮಳೆ ಹಿಡಿದುಕೊಂಡಿತ್ತು.

ಮಗ ಪೈಲಿ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಆಮೇಲೆ ಬಾಗಿಲಿಗೆ ಬಂದು ಅಂಗಳ ನೋಡಿದ. ಹಿಂದಿನ ಸಂಜೆ ಪಾದ ಮುಳುಗುವಷ್ಟಿದ್ದ ನೀರು ಈಗ ಮೆಟ್ಟಿಲಿಗೆ ಬಂದಿತ್ತು. ಅವನ ಹೆಂಡತಿ ರಾಹೇಲ್ ಒಲೆಯ ಮುಂದೆ ಕೂತು ಹಸಿ ಕಟ್ಟಿಗೆ ಊದುತ್ತಿದ್ದಳು. ಗಂಡ ತಾಯಿಯನ್ನು ಬಿಟ್ಟು ನೀರು ನೋಡುತ್ತಿರುವುದು ಕಂಡಿತು. ಅವಳಿಗೆ ಅಷ್ಟೇ ಸಾಕಾಯಿತು. ಎದ್ದು ಬಂದು ಅತ್ತೆಯ ಕಣ್ಣು ಮುಚ್ಚಿದಳು. ಗದ್ದಕ್ಕೆ ಬಟ್ಟೆ ಕಟ್ಟಿದಳು.

"ಮಳೇಲೇ ಹೋದ್ಲು," ಅಂದಳು.

ಪೈಲಿ ಹೂಂ ಅಂದ.

ಕೂವತ್ತುರುತ್ತಿನ ಕೆಳಗೇರಿಯಲ್ಲಿ ಮಳೆಗಾಲದ ಸಾವೇ ಕೆಟ್ಟ ಸಾವು. ಹಾವು ಕಚ್ಚಿ ಸತ್ತವನೂ ಬೇಸಿಗೆಯಲ್ಲಿ ಸತ್ತರೆ ಪುಣ್ಯವಂತ. ಮುದುಕರು ಸಂಜೆಯ ಪ್ರಾರ್ಥನೆಯಲ್ಲಿ ಮೊಮ್ಮಕ್ಕಳ ಆರೋಗ್ಯ ಕೇಳಿ ಮುಗಿಸಿ, ತಮಗಾಗಿ ಒಂದೇ ಒಂದನ್ನು ಕೇಳುತ್ತಾರೆ. ನೆಲ ಒಣಗಿರುವಾಗ ಕರೆದುಕೋ ಅಂತ.

ಊರಿಗೆ ಚರ್ಚು ಒಂದು, ಸತ್ತವರನ್ನು ಹೂಳುವ ಸಿಮಿತ್ತೇರಿ ಎರಡು. ಚರ್ಚಿನ ಹಿಂದೆ ಹೊಳೆಯ ಬದಿಗಿರುವುದು ಮೇಲ್ಮಣ್ಣು. ಅದರಲ್ಲಿ ಹೊಳೆಯ ಕಡೆಯ ಗೋಡೆಗೆ ಹತ್ತಿರವಾಗಿ ಕಲ್ಲುಶಿಲುಬೆ ನಿಂತಿದೆ. ಎರಡಾಳೆತ್ತರ, ಕರಿಗಲ್ಲು. ಸುತ್ತ ಹಳೆಯ ಮನೆತನಗಳ ಗೋರಿಗಳು, ಅವುಗಳ ಮೇಲೆ ಅಮೃತಶಿಲೆಯ ಹಲಗೆಗಳು. ಗದ್ದೆಯ ಅಂಚಿಗಿರುವುದು ಕೆಳಮಣ್ಣು. ಅಲ್ಲಿ ಹೊಸ ಕ್ರೈಸ್ತರನ್ನು ಹೂಳುತ್ತಾರೆ. ಪೈಲಿಯ ಮುತ್ತಜ್ಜನ ಅಪ್ಪ ಗದ್ದೆಯಾಳುಗಳಾದ ಪುಲಯರ ಕೇರಿಯಿಂದ ಬಂದು ಜ್ಞಾನಸ್ನಾನ ಪಡೆದ. ನೂರು ವರ್ಷ ದಾಟಿ ಎಷ್ಟೋ ಕಾಲವಾಯಿತು. ಅವನ ವಂಶದವರು ಇವತ್ತಿಗೂ ಹೊಸಬರು.

ಕೆಳಮಣ್ಣಿನಲ್ಲಿ ಬೇಸಿಗೆಯಲ್ಲಿ ಸೊಂಟದಷ್ಟು ಅಗೆದರೆ ನೀರು ಜಿನುಗುತ್ತದೆ. ಮಳೆಗಾಲದಲ್ಲಿ ಮೊಣಕಾಲಿನಷ್ಟು ಅಗೆಯುವ ಮೊದಲೇ ಗುಂಡಿ ತುಂಬುತ್ತದೆ. ಇಬ್ಬರು ಬಿಂದಿಗೆಯಿಂದ ನೀರು ಎತ್ತಿ ಚೆಲ್ಲುತ್ತಿರುತ್ತಾರೆ, ಇಬ್ಬರು ಪೆಟ್ಟಿಗೆ ಇಳಿಸುತ್ತಾರೆ. ಇಳಿಸಿದ ಪೆಟ್ಟಿಗೆ ತೇಲುತ್ತದೆ. ಆಗ ಸತ್ತವರ ಹಿರಿಯ ಮಗ ಗುಂಡಿಗೆ ಇಳಿದು ಪೆಟ್ಟಿಗೆಯ ಮೇಲೆ ನಿಲ್ಲಬೇಕು. ಉಳಿದವರು ಅವನ ಕಾಲಿನ ಸುತ್ತ ಕಲ್ಲು ಹೇರಿ ಕೆಸರು ತುಂಬುತ್ತಾರೆ. ಕೆಸರು ಮೊಣಕಾಲಿಗೆ ಬಂದಾಗ ಕೈಹಿಡಿದು ಎಳೆದುಕೊಳ್ಳುತ್ತಾರೆ. ಮಗನಿಲ್ಲದವರಿಗೆ ಅಳಿಯ. ಅಳಿಯನೂ ಇಲ್ಲದವರಿಗೆ ಕೇರಿಯಲ್ಲಿ ಮೈತೂಕ ಇರುವ ಯಾರಾದರೂ.

ಪೈಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನ ಮೇಲೆ ನಿಂತಿದ್ದ. ಅಪ್ಪ ಚಾಕೋ ತೆಳ್ಳಗಿದ್ದ, ಪೆಟ್ಟಿಗೆ ಹಗುರ. ಅದು ಅಂಗಾಲಿನ ಕೆಳಗೆ ದೋಣಿಯ ಹಾಗೆ ಒಂದು ಬದಿಗೆ ವಾಲಿತು. ಒಳಗೆ ಅಪ್ಪ ಸರಿದದ್ದು ಹಲಗೆಯ ಮೂಲಕ ಅಂಗಾಲಿಗೆ ತಿಳಿಯಿತು. ಭಾರ ಹಾಕೋ, ಭಾರ ಹಾಕೋ ಅಂತ ಮೇಲಿನಿಂದ ಯಾರೋ ಕೂಗುತ್ತಿದ್ದರು. ಅವನು ಕುಣಿಯುವವನ ಹಾಗೆ ಒಂದು ಕಾಲು ಎತ್ತಿ ಇನ್ನೊಂದು ಕಾಲು ಊರಿದ. ಗುಂಡಿಯ ತಲೆಯಲ್ಲಿ ನಿಂತಿದ್ದ ತಾಯಿ ಏಲಿ ಎಲ್ಲವನ್ನೂ ನೋಡಿದಳು. ಮನೆಗೆ ಬಂದ ಮೇಲೆ ಬಿಸಿನೀರು ಕಾಯಿಸಿ ಅವನ ಕಾಲು ತೊಳೆದಳು.

ಅದಾಗಿ ಎಷ್ಟೋ ಮಳೆಗಾಲ ಕಳೆಯಿತು. ಪೈಲಿಗೆ ಈಗ ತಲೆ ಬೆಳ್ಳಗಾಗಿದೆ. ಈ ವರ್ಷದ ಕುಂಭಮಾಸದಲ್ಲಿ ಏಲಿ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿತ್ತು. ಹೊರಗೆ ಬಿಸಿಲು, ಗದ್ದೆ ಬಿರಿದಿತ್ತು, ಕೆಳಮಣ್ಣು ಒಣಗಿ ಗಟ್ಟಿಯಾಗಿತ್ತು. ಏಲಿ ಗಂಜಿ ಕುಡಿಯುವುದನ್ನು ನಿಲ್ಲಿಸಿದಳು. ಬಾಯಿಗೆ ಚಮಚ ತಂದರೆ ತುಟಿ ಬಿಗಿಹಿಡಿದಳು.

"ಈಗ ಬಿಟ್ಬಿಡು ಮೋನೆ," ಅಂದಿದ್ದಳು ಮಗನಿಗೆ. "ನೆಲ ಒಣಗೈತೆ. ಇನ್ನೇನು ಬೇಕು ನಂಗೆ? ದೇವ್ರು ಹಬ್ಬದ ದಿನ ಕರೆದಂಗೆ ಕರೀತಾವ್ನೆ, ಹೋಗ್ತೀನಿ."

ಪೈಲಿ ಕೇಳಲಿಲ್ಲ. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದವಡೆ ಒತ್ತಿ ಬಾಯಿ ತೆಗೆಸಿ ಗಂಜಿ ಹೊಯ್ದ. ದೋಣಿಯಲ್ಲಿ ಆಸ್ಪತ್ರೆಗೆ ಒಯ್ದ, ಸೂಜಿ ಹಾಕಿಸಿದ. ಅವಳು ಎದ್ದಳು. ಎದ್ದು ಕೂತ ದಿನ ಮಗನನ್ನು ನೋಡಿ, "ಸರಿ ಹೋಯ್ತು. ಇನ್ನು ನೀನೇ ನಿಂತ್ಕೋಬೇಕು," ಅಂದಳು. ತಮಾಷೆಗೆ ಅಂದಳೋ ಸಿಟ್ಟಿನಲ್ಲಿ ಅಂದಳೋ ಗೊತ್ತಾಗಲಿಲ್ಲ. ಅವತ್ತಿನಿಂದ ಪೈಲಿ ದಿನವೂ ಆಕಾಶ ನೋಡುತ್ತಿದ್ದ. ಇಡವಮಾಸದಲ್ಲಿ ಮಳೆ ಶುರುವಾಯಿತು. ಏಲಿ ಮತ್ತೆ ಮಲಗಿದಳು.

ತಾನು ತಾಯಿಯನ್ನು ಪ್ರೀತಿಯಿಂದ ನೀರಿಗೆ ತಳ್ಳಿದೆ ಅನ್ನುವುದು ಪೈಲಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬಾಗಿಲಲ್ಲಿ ನಿಂತು ನೀರು ನೋಡುತ್ತಿದ್ದಾಗ ಅವನ ತಲೆಯಲ್ಲಿ ಇದ್ದದ್ದು ಅದೊಂದೇ. ತಾನು ಅವಳ ಮೇಲೆ ನಿಲ್ಲಬಾರದು.

ಅಂಗಿ ಹಾಕಿಕೊಂಡು ದೋಣಿ ಬಿಚ್ಚಿದ. ಚರ್ಚಿಗೆ ಹೋಗಿ ಮೇಲ್ಮಣ್ಣು ಕೇಳಿಬರುತ್ತೇನೆ ಅಂದ. ಕೊಡಲ್ಲ ಅಂತ ರಾಹೇಲೂ ಹೇಳಲಿಲ್ಲ, ಕೊಡ್ತಾರೆ ಅಂತ ಅವನೂ ಹೇಳಲಿಲ್ಲ.

ಪಾದ್ರಿಮನೆಯ ಜಗುಲಿಯಲ್ಲಿ ಇಬ್ಬರಿದ್ದರು. ಒಬ್ಬರು ಪಾದ್ರಿ, ಊರವರ ಬಾಯಲ್ಲಿ ಅಚ್ಚನ್. ಚಿಕ್ಕ ವಯಸ್ಸು, ಮೆದು ಮಾತು, ಊರಿಗೆ ಬಂದು ಎರಡು ವರ್ಷವಾಗಿತ್ತು. ಇನ್ನೊಬ್ಬ ಅವರಾಚನ್. ಚರ್ಚಿನ ಜಮೀನು, ಕೀಲಿ, ಲೆಕ್ಕ ಎಲ್ಲ ಅವನ ಕೈಯಲ್ಲಿ. ಊರಿನ ಅರ್ಧ ಗದ್ದೆಯೂ ಅವನದೇ. ಕೆಳಗೇರಿಯವರಿಗೆ ಅವನು ಮೊದಲಾಳಿ, ಒಡೆಯ. ಕಪ್ಪು ಕಾಫಿ ಕುಡಿಯುತ್ತ ಇಬ್ಬರೂ ಹೊಳೆಯ ಕಡೆ ನೋಡುತ್ತಿದ್ದರು.

"ಬಂದ್ಯಾ," ಅಂದ ಅವರಾಚನ್. "ನಿನ್ನ ಕರೆಸಬೇಕು ಅಂತಲೇ ಇದ್ವಿ. ಮೇಲ್ಮಣ್ಣಿನ ಒಡ್ಡು ಕುಸಿದಿದೆ. ರಾತ್ರಿ ಹೊಳೆ ಏರಿದೆ. ಇನ್ನೊಂದು ದಿನ ಬಿಟ್ಟರೆ ನೀರು ಶಿಲುಬೆ ಬುಡಕ್ಕೆ ಬರುತ್ತೆ."

"ಅಮ್ಮ ಹೋದ್ಲು ಮೊದಲಾಳಿ," ಅಂದ ಪೈಲಿ.

ಅವರಾಚನ್ ಲೋಟ ಕೆಳಗಿಟ್ಟ. ಅಯ್ಯೋ ಅಂದ. ಯಾವಾಗ ಅಂತ ಕೇಳಿದ. ವಯಸ್ಸಾಗಿತ್ತು, ಒಳ್ಳೆಯ ಹೆಂಗಸು, ನಮ್ಮ ಗದ್ದೆಯಲ್ಲಿ ಅವಳ ಹಾಗೆ ನಾಟಿ ಮಾಡುವವರು ಯಾರೂ ಇರಲಿಲ್ಲ ಅಂದ. ಅದು ನಿಜವೇ ಆಗಿತ್ತು. ಅಚ್ಚನ್ ಎದ್ದು ಬಂದು ಪೈಲಿಯ ಭುಜದ ಮೇಲೆ ಕೈಯಿಟ್ಟರು.

ಪೈಲಿ ಮೆಟ್ಟಿಲ ಕೆಳಗೆ ಮಳೆಯಲ್ಲೇ ನಿಂತು, ಅಮ್ಮನನ್ನು ಮೇಲ್ಮಣ್ಣಿನಲ್ಲಿ ಇಡಬೇಕು ಅಂದ.

ಅಚ್ಚನ್ ಭುಜದ ಮೇಲಿನ ಕೈ ತೆಗೆದರು.

ಅವರಾಚನ್ ಸಿಟ್ಟಾಗಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಕಲ್ಲುಶಿಲುಬೆ ಈಗ ಬರೀ ಚರ್ಚಿನದಲ್ಲ, ನಾಡಿನದು. ಪರಂಪರೆ ಸಮಿತಿ ಆಗಿದೆ. ಮುಂದಿನ ತಿಂಗಳು, ಚಿಂಗಮಾಸದಲ್ಲಿ, ಬಿಷಪ್ ಬಂದು ಫಲಕ ತೆರೆಯುತ್ತಾರೆ, ಮಂತ್ರಿಗಳೂ ಬರಬಹುದು. ಶಿಲುಬೆಯ ಸುತ್ತ ಇನ್ನು ಗುದ್ದಲಿ ಬೀಳಬಾರದು ಅಂತ ಸಮಿತಿಯ ತೀರ್ಮಾನ. ನಾಳೆ ತಾನು ಸತ್ತರೂ ಅಷ್ಟೆ.

"ಈಸ್ಟರ್‌ಗೆ ಮುಂಚೆ ತಪಸ್ಸುಕಾಲದಲ್ಲಿ ನಿಮ್ಮಣ್ಣನ್ನ ಇಟ್ರಲ್ಲ," ಅಂದ ಪೈಲಿ.

"ಅದು ಮನೆತನದ ಗೋರಿ. ಮೊದಲಿಂದ ಇದ್ದದ್ದು. ಮುಚ್ಚಳ ತೆಗೆದು ಒಳಗಿಟ್ವಿ, ಅಗೀಲಿಲ್ಲ."

"ಶಿಲುಬೆ ಹತ್ರ ಬ್ಯಾಡ. ಗೋಡೆ ಮೂಲೇಲಿ, ಆ ಹುಲ್ಲು ಹಾಕ್ತಾರಲ್ಲ, ಅಲ್ಲಿ. ಒಂದು ಮುದುಕಿ. ಎಷ್ಟು ಜಾಗ ಬೇಕು?"

"ಜಾಗದ ಮಾತಲ್ಲ ಪೈಲಿ. ಇವತ್ತು ನಿಂಗೆ ಕೊಟ್ಟರೆ ನಾಳೆ ನಿಮ್ಮ ಕೇರಿ ಪೂರ್ತಿ ಬಂದು ನಿಲ್ಲುತ್ತೆ. ಇಲ್ಲ ಅನ್ನೋಕಾಗುತ್ತಾ ನಂಗೆ?"

ಮೇಲ್ಮಣ್ಣಿನ ಬಗ್ಗೆ ಅವರಾಚನ್ ಆಡಿದ್ದರಲ್ಲಿ ಅದೊಂದು ಮಾತು ಪೂರ್ತಿ ಸತ್ಯವಾಗಿತ್ತು.

ಅಚ್ಚನ್ ನೆಲ ನೋಡುತ್ತಿದ್ದರು. ಆಮೇಲೆ, ಕೆಳಮಣ್ಣಿಗೆ ಚರ್ಚಿನ ಪಂಪ್ ಕಳಿಸುತ್ತೇನೆ ಅಂದರು. ಡೀಸೆಲ್ಲೂ ಚರ್ಚಿನದೇ. ಬಿಂದಿಗೆಯಲ್ಲಿ ಎತ್ತುವ ಕಷ್ಟ ಬೇಡ, ಪಂಪ್ ಹಾಕಿದರೆ ಗುಂಡಿ ಒಂದರ್ಧ ಗಂಟೆ ಬರಿದಾಗಿರುತ್ತದೆ. ಅವರ ದನಿಯಲ್ಲಿ ಮರುಕವಿತ್ತು. ಪೈಲಿಗೆ ಹೆಚ್ಚು ನೋವಾದದ್ದು ಅದರಿಂದಲೇ.

"ನಡುಮಧ್ಯಾಹ್ನದೊಳಗೆ ನಾಲ್ಕು ದೋಣಿ ಮಣ್ಣು ಹಾಕಿಬಿಡಿ," ಅಂದ ಅವರಾಚನ್. "ಸಂಸ್ಕಾರ ಮೂರಕ್ಕೆ ಇಟ್ಕೊಳ್ಳೋಣ. ಹೆಂಗಸರು ಹೇಗೂ ಸ್ನಾನ ಮಾಡಿಸಬೇಕು, ಪೆಟ್ಟಿಗೆ ಬರಬೇಕು. ಅಲ್ಲೀವರೆಗೆ ಸುಮ್ಮನೆ ಕೂತಿರೋ ಬದಲು."

ಪೈಲಿ ಹೂಂ ಅಂದ. ಯಾಕೆ ಅಂದೆ ಅಂತ ದೋಣಿಗೆ ಇಳಿದ ಮೇಲೆ ಯೋಚಿಸಿದ. ಅವನ ಅಪ್ಪನೂ ಅದೇ ಜಗುಲಿಯ ಕೆಳಗೆ ನಿಂತು ಹೂಂ ಅಂದಿದ್ದ.

ಕುಸಿದ ಜಾಗದ ಎದುರಿಗೆ ಹೊಳೆಯಲ್ಲಿ ದೋಣಿ ನಿಲ್ಲಿಸಿ, ಗಳ ಊರಿ ಕಟ್ಟಿದರು. ಪೈಲಿಯ ಜೊತೆ ಇಬ್ಬರು. ರಾಹೇಲಳ ತಮ್ಮ ಔತ. ಇನ್ನೊಬ್ಬ ಚೋತಿ, ಪೈಲಿಗೆ ದಾಯಾದಿಯಲ್ಲಿ ಅಣ್ಣ. ಚೋತಿಯ ಮನೆಯವರು ಜ್ಞಾನಸ್ನಾನ ಮಾಡಿಸಿಕೊಂಡಿರಲಿಲ್ಲ, ಪುಲಯರಾಗೇ ಉಳಿದಿದ್ದರು. ಅವರಲ್ಲಿ ಸತ್ತವರನ್ನು ಮನೆಯಂಗಳದಲ್ಲೇ ಹೂಳುತ್ತಾರೆ. ಚೋತಿಗೆ ಅಂಗಳವಿರಲಿಲ್ಲ. ಹೋದ ವರ್ಷ ಹೆಂಡತಿ ಸತ್ತಾಗ ಅಡುಗೆಮನೆಯ ನೆಲ ಅಗೆದು ಹೂತು, ಮೇಲೆ ಸಗಣಿ ಸಾರಿಸಿ, ಅಲ್ಲೇ ಒಲೆ ಹೂಡಿಕೊಂಡಿದ್ದ.

"ಐದು ತಲೆಮಾರು ಮೊಣಕಾಲೂರಿ ಏನು ಸಿಕ್ತೋ ತಮ್ಮಾ?" ಅಂದ ಚೋತಿ, ಟವೆಲ್ ತಲೆಗೆ ಸುತ್ತುತ್ತ. "ನನ್ನ ಹೆಂಡ್ತಿ ಒಲೆ ಕೆಳಗೆ ಬೆಚ್ಚಗೆ ಮಲಗವ್ಳೆ. ನಿನ್ನಮ್ಮ ಈಜಬೇಕು."

ಔತ ಬಾಯಿಮುಚ್ಚು ಅಂದ. ಚೋತಿ ಬೆಳಿಗ್ಗೆ ಸುದ್ದಿ ತಿಳಿದ ತಕ್ಷಣ ಓಡಿ ಬಂದು ಏಲಿಯ ಕಾಲು ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ಅತ್ತಿದ್ದ.

ಮುಳುಗುವ ಕೆಲಸ ಹೀಗೆ. ಗಳ ಹಿಡಿದು ತಲೆಕೆಳಗಾಗಿ ಇಳಿಯಬೇಕು. ಕೆಳಗೆ ಏನೂ ಕಾಣುವುದಿಲ್ಲ. ಕಿವಿಯಲ್ಲಿ ಒತ್ತಡ ಕಟ್ಟುತ್ತದೆ. ತಳ ಸಿಕ್ಕಿದ ಮೇಲೆ ಎರಡೂ ಕೈ ಜೇಡಿಗೆ ಇಳಿಸಿ, ಮೊಣಕೈವರೆಗೆ ನುಗ್ಗಿಸಿ, ಒಂದು ಹೆಂಟೆ ಕಿತ್ತು ಎದೆಗೆ ಅವುಚಿಕೊಳ್ಳಬೇಕು. ಒದ್ದು ಮೇಲೆ ಬರಬೇಕು. ಹೆಂಟೆ ದೋಣಿಗೆ ಹಾಕಿ, ಉಸಿರು ತೆಗೆದುಕೊಂಡು ಮತ್ತೆ ಇಳಿಯಬೇಕು. ಉಗುರು ಕೀಳುತ್ತದೆ, ಚಿಪ್ಪು ಕೊಯ್ಯುತ್ತದೆ. ನಡುವಯಸ್ಸಿಗೆ ಬರುವಾಗ ಕಿವಿ ಸೋರಲು ಶುರುವಾಗುತ್ತದೆ. ಪೈಲಿಗೆ ಎಡಗಿವಿ ಕೇಳುವುದಿಲ್ಲ.

ಕೂವತ್ತುರುತ್ತಿನಲ್ಲಿ ನೆಲ ಪ್ರತಿವರ್ಷ ಕೆಳಗಿಳಿಯುತ್ತದೆ. ಪ್ರತಿವರ್ಷ ಕೆಳಗೇರಿಯವರು ಹೊಳೆಯ ತಳ ಕಿತ್ತು ತಂದು ಅದನ್ನು ಎತ್ತರಿಸುತ್ತಾರೆ. ಮೇಲ್ಮಣ್ಣು ದೇವರು ಎತ್ತರಕ್ಕೆ ಇಟ್ಟ ಜಾಗವಲ್ಲ. ಶಿಲುಬೆ ಬಂದಾಗ ಅಲ್ಲಿ ಜೊಂಡು ಬೆಳೆಯುತ್ತಿತ್ತು ಅನ್ನುತ್ತಾರೆ. ಈಗ ಅಲ್ಲಿರುವ ಒಂದೊಂದು ಹಿಡಿ ಮಣ್ಣೂ ಯಾರದೋ ಎದೆಗೆ ಅಂಟಿಕೊಂಡು ಮೇಲೆ ಬಂದದ್ದು.

ಶಿಲುಬೆಯನ್ನು ತೊಳೆಯುವುದೂ ಕೆಳಗೇರಿಯ ಕೆಲಸವಾಗಿತ್ತು. ಶುಭ ಶುಕ್ರವಾರಕ್ಕೆ ಮೊದಲು ಹೆಂಗಸರು ಬೂದಿ, ತೆಂಗಿನ ನಾರು ಹಿಡಿದು ಹೋಗುತ್ತಿದ್ದರು. ಮದುವೆಯಾಗಿ ಬಂದ ವರ್ಷದಿಂದ ಏಲಿ ಒಂದು ಸಲವೂ ತಪ್ಪಿಸಿರಲಿಲ್ಲ. ಪೀಠದಲ್ಲಿ ತಾವರೆಯ ದಳಗಳಿವೆ, ಅದರ ಕೆಳಗೆ ನವಿಲು, ಆನೆ. ಎಲ್ಲಕ್ಕಿಂತ ಕೆಳಗೆ, ಹೊಳೆಯ ಕಡೆಗೆ, ಹಗ್ಗ ಹಿಡಿದು ಎಳೆಯುವ ಗಿಡ್ಡ ಆಳುಗಳ ಒಂದು ಸಾಲು. ಮೈಮೇಲೆ ತುಂಡು ಬಟ್ಟೆ ಮಾತ್ರ. ಎತ್ತರಿಸಿದ ಮಣ್ಣು ಆ ಸಾಲನ್ನು ಪ್ರತಿವರ್ಷ ಮುಚ್ಚುತ್ತಿತ್ತು. ಏಲಿ ಪ್ರತಿವರ್ಷ ಬೆರಳಿನಿಂದ ಕೆರೆದು ಅವರನ್ನು ಹೊರಗೆ ತೆಗೆಯುತ್ತಿದ್ದಳು. ಸಾಲಿನ ಕೊನೆಯ ಆಳಿನ ಮೂಗು ಅವಳು ತಿಕ್ಕಿ ತಿಕ್ಕಿಯೇ ಸವೆದಿತ್ತು.

"ಇವ್ನ ನೋಡು," ಅನ್ನುತ್ತಿದ್ದಳು ಪೈಲಿಗೆ. "ಹಗ್ಗ ಹಿಡಿದವ್ನೆ, ಎಳೀತಾ ಇಲ್ಲ. ನಿಮ್ಮಪ್ಪನ ಕಡೆಯೋನು."

ಹೋದ ತಪಸ್ಸುಕಾಲದಲ್ಲಿ ಸಮಿತಿಯವರು ಶಿಲುಬೆಯ ಸುತ್ತ ಸರಪಳಿ ಕಟ್ಟಿಸಿದರು. ಬೂದಿ, ನಾರು ತಾಗಿದರೆ ಕಲ್ಲು ಸವೆಯುತ್ತದೆ, ಕೈಯ ಬೆವರಿನಿಂದಲೂ ಹಾಳಾಗುತ್ತದೆ ಅಂತ ಹೆಂಗಸರನ್ನು ಗೇಟಿನಲ್ಲೇ ನಿಲ್ಲಿಸಿದರು. ಹಾಸಿಗೆಯಿಂದ ಆಗಷ್ಟೇ ಎದ್ದಿದ್ದ ಏಲಿ ಬೂದಿಯ ಬುಟ್ಟಿ ಹಿಡಿದು ಬಿಸಿಲಿನಲ್ಲಿ ನಿಂತು, ಆಮೇಲೆ ತಿರುಗಿ ಬಂದಳು. ಫಲಕ ಆಗಲೇ ಬರೆಸಿ ಚರ್ಚಿನೊಳಗೆ ಒರಗಿಸಿ ಇಡಲಾಗಿತ್ತು. ಅದರಲ್ಲಿ ತಾವರೆ, ನವಿಲು, ಆನೆಗಳ ವರ್ಣನೆಯಿತ್ತು. ಕಲ್ಲು ತರಿಸಿಕೊಟ್ಟ ಮನೆತನದ ಹೆಸರಿತ್ತು. ಈ ಶಿಲುಬೆ ಸಮಸ್ತ ವಿಶ್ವಾಸಿಗಳ ಸಮಾನ ಪರಂಪರೆ ಅಂತಲೂ ಇತ್ತು. ಹಗ್ಗದವರ ಮಾತು ಇರಲಿಲ್ಲ. ಅವರು ಮಣ್ಣಿನ ಕೆಳಗೇ ಇದ್ದರು.

ಪೈಲಿ ಇಳಿದ. ತಳ ಸಿಕ್ಕಿತು. ಕೈ ತಾನಾಗಿ ಜೇಡಿಗೆ ನುಗ್ಗಿ ಹೆಂಟೆ ಕಿತ್ತಿತು. ಎದೆಗೆ ಅವುಚಿಕೊಂಡು ಮೇಲೆ ಬಂದ. ದೋಣಿಯ ಅಂಚು ಹಿಡಿದು ಕೆಮ್ಮಿದ. ಎದುರಿಗೆ ಕುಸಿದ ಒಡ್ಡು, ಅದರ ಹಿಂದೆ ಗೋಡೆ, ಗೋಡೆಯ ಮೇಲೆ ಶಿಲುಬೆಯ ತಲೆ. ಶಿಲುಬೆ ಒಂಚೂರು ಹೊಳೆಯ ಕಡೆ ವಾಲಿತ್ತು. ಗದ್ದೆಯಾಚೆ ಅವನ ಮನೆಯ ಕಡೆಯಿಂದ ಹೆಂಗಸರ ಹಾಡು ಕೇಳಿಸಿತು. ತಾಯಿಗೆ ಸ್ನಾನ ಮಾಡಿಸುತ್ತಿರಬೇಕು.

ಹೆಂಟೆ ಇನ್ನೂ ಅವನ ಎದೆಯಲ್ಲಿತ್ತು. ತಣ್ಣಗೆ, ಒಂದು ಕೂಸಿನಷ್ಟು ಭಾರ. ಔತ ದೋಣಿಯಿಂದ ಬಗ್ಗಿ ಕೈಚಾಚಿದ. ಪೈಲಿ ಕೊಡಲಿಲ್ಲ. ತೋಳು ಸಡಿಲಿಸಿ ಹೆಂಟೆಯನ್ನು ನೀರಿಗೆ ಬಿಟ್ಟ. ಅದು ಬಂದ ಕಡೆಗೇ ಹೋಯಿತು.

"ಏನಾಯ್ತು?" ಅಂದ ಔತ.

"ಸಾಕು," ಅಂದ ಪೈಲಿ. "ನಂಗೆ ಸುಸ್ತಾಗೈತೆ."

ಔತ ಚೋತಿಯ ಮುಖ ನೋಡಿದ. ಚೋತಿ ತಲೆಯ ಟವೆಲ್ ಬಿಚ್ಚಿ ಹಿಂಡಿ ಹೆಗಲಿಗೆ ಹಾಕಿಕೊಂಡ. ಕಟ್ಟಿದ ಗಳ ಕಿತ್ತ. ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಅವರಾಚನ್ ಎಲ್ಲಿಗೆ ಹೋಗ್ತೀರೋ ಅಂತ ಕೂಗಿದ. ಎಡಗಿವಿ ಕೇಳದ ಪೈಲಿಗೆ ಅದು ಕೇಳಿಸಿರಬಹುದು, ಕೇಳಿಸದೆಯೂ ಇರಬಹುದು. ತಿರುಗಿ ನೋಡಲಿಲ್ಲ.

ಮೂರು ಗಂಟೆಗೆ ಪೆಟ್ಟಿಗೆಯನ್ನು ದೋಣಿಗೆ ಇಳಿಸಿದರು. ಹಿಂದೆ ಐದಾರು ದೋಣಿಗಳಲ್ಲಿ ಕೇರಿಯವರು. ಕೆಳಮಣ್ಣಿನ ಕಡೆಯಿಂದ ಚರ್ಚಿನ ಪಂಪಿನ ಸದ್ದು ಕೇಳುತ್ತಿತ್ತು. ಅಚ್ಚನ್ ಮಾತು ತಪ್ಪಿರಲಿಲ್ಲ. ಕಾಲುವೆ ಕವಲಾಗುವ ಕಡೆ ಹಿಂದಿನ ದೋಣಿಗಳೆಲ್ಲ ಅಭ್ಯಾಸದಂತೆ ಎಡಕ್ಕೆ, ಕೆಳಮಣ್ಣಿನ ಕಡೆ ವಾಲಿದವು. ಮುಂದಿನ ದೋಣಿಯಲ್ಲಿ ಗಳ ಹಿಡಿದಿದ್ದ ಪೈಲಿ ಬಲಕ್ಕೆ ತಿರುಗಿಸಿದ. ಹಿಂದೆ ಯಾರೋ, ದಾರಿ ತಪ್ಪಿದೆ ಪೈಲಿ ಅಂದರು. ರಾಹೇಲ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ತಪ್ಪಿಲ್ಲ. ನಡೀರಿ," ಅಂದಳು.

ಒಂದು ದೋಣಿ ಕವಲಿನಲ್ಲೇ ನಿಂತಿತು. ಅದರಲ್ಲಿ ಅವರಾಚನ್‌ನ ಗದ್ದೆಯಲ್ಲಿ ಗುಡಿಸಲು ಹಾಕಿಕೊಂಡವರಿದ್ದರು. ಉಳಿದವು ಬಲಕ್ಕೆ ಬಂದವು.

ಮೇಲ್ಮಣ್ಣಿನ ಗೇಟಿಗೆ ಬೀಗ ಬಿದ್ದಿತ್ತು. ಸರಳುಗಳ ಒಳಗೆ ಅವರಾಚನ್, ಅವನ ಇಬ್ಬರು ತಮ್ಮಂದಿರು, ಅಚ್ಚನ್ ನಿಂತಿದ್ದರು. ಅಚ್ಚನ್ ಸಂಸ್ಕಾರದ ಉಡುಪು ಹಾಕಿಕೊಂಡು ಕೆಳಮಣ್ಣಿಗೆ ಹೊರಟಿದ್ದವರು, ದೋಣಿಗಳು ತಿರುಗಿದ್ದು ಕಂಡು ಇಲ್ಲಿಗೆ ಓಡಿಬಂದಿದ್ದರು. ಕೇರಿಯವರು ಗೇಟಿನ ಮುಂದೆ ಪೆಟ್ಟಿಗೆ ಇಳಿಸಿದರು. ಮಳೆ ಅದರ ಮೇಲೆ ಸಣ್ಣಗೆ ಬಡಿಯುತ್ತಿತ್ತು.

ಅಚ್ಚನ್ ಬಹಳ ಹೊತ್ತು ಮಾತಾಡಿದರು. ದೇವರ ದೃಷ್ಟಿಯಲ್ಲಿ ಮೇಲು ಕೆಳಗು ಇಲ್ಲ, ಎರಡೂ ಪವಿತ್ರ ಮಣ್ಣೇ ಅಂದರು. ಪುನರುತ್ಥಾನದ ದಿನ ಎಲ್ಲರೂ ಒಟ್ಟಿಗೆ ಏಳುತ್ತಾರೆ ಅಂದರು. ಬಿಷಪ್ ಅವರಿಗೆ ತಾನೇ ಬರೆಯುತ್ತೇನೆ, ಮುಂದಿನ ವರ್ಷದೊಳಗೆ ಏನಾದರೂ ಆಗುತ್ತದೆ, ಇವತ್ತಿಗೆ ಹಟ ಬೇಡ ಅಂದರು.

"ಏಳೋದು ಆಮೇಲೆ ಅಚ್ಚೋ," ಅಂದಳು ರಾಹೇಲ್. "ಮೊದ್ಲು ಮಲಗೋಕೆ ಬಿಡಿ."

ಯಾರೂ ಬೀಗ ತೆಗೆಯಲಿಲ್ಲ. ಪೈಲಿಯೂ ಗೇಟು ಮುಟ್ಟಲಿಲ್ಲ. ಗುದ್ದಲಿ ಎತ್ತಿಕೊಂಡು ಗೋಡೆಯ ಹೊರಗೆ, ಒಡ್ಡಿನ ಮೇಲೆ ನಡೆದ. ಕುಸಿದ ಜಾಗ ದಾಟಿದ. ಒಡ್ಡು ಅಗಲವಾಗಿರುವ ಕಡೆ, ನೀರಿಗಿಂತ ಒಂದಾಳು ಮೇಲೆ ನಿಂತು ಮೊದಲ ಏಟು ಹಾಕಿದ. ಶಿಲುಬೆ ಅಲ್ಲಿಂದ ಗೋಡೆಯಾಚೆ ಕೈಯೆಟುಕಿಗೆ ಅನ್ನುವಷ್ಟು ಹತ್ತಿರವಿತ್ತು. ಔತ ಎರಡನೇ ಗುದ್ದಲಿ ತಂದ.

ಅವರಾಚನ್ ಗೋಡೆಯ ಒಳಗಿನಿಂದ ಕಲ್ಲಿನ ಮೇಲೆ ಹತ್ತಿ ನಿಂತ. ಈಗ ಅವನ ದನಿ ಏರಿತ್ತು.

"ಒಡ್ಡು ಒಡೆದು ಶಿಲುಬೆ ಬೀಳಿಸ್ಬೇಕು ಅಂತ ಮಾಡಿದ್ದೀಯಾ? ನಾಲ್ಕುನೂರು ವರ್ಷದ್ದು ಅದು. ಇದು ಚರ್ಚಿನ ಮಣ್ಣು. ಇಲ್ಲಿ ಒಂದು ಹಿಡಿ ತೆಗೆದರೂ ಪೊಲೀಸರು ಬರ್ತಾರೆ."

ಪೈಲಿ ಗುದ್ದಲಿ ಊರಿ ನೆಟ್ಟಗೆ ನಿಂತ. ಮುಖ ಒರೆಸಿಕೊಂಡ. ಅವನಿಗೆ ಕೂಗುವ ಶಕ್ತಿ ಇರಲಿಲ್ಲ. ಎದುರು ಕೂತವನ ಜೊತೆ ಮಾತಾಡುವ ಹಾಗೆ ಹೇಳಿದ.

"ಇದ್ರಾಗೆ ನಿಮ್ಮ ಮಣ್ಣು ಯಾವುದು ತೋರಿಸಿ ಮೊದಲಾಳಿ. ಅದನ್ನ ಬಿಟ್ಟು ಅಗೀತೀವಿ."

ಅವರಾಚನ್ ಕಲ್ಲಿನಿಂದ ಇಳಿದ. ಅವನ ತಮ್ಮ ಫೋನು ತೆಗೆದು ಪೊಲೀಸ್ ಠಾಣೆಗೆ ಕರೆಮಾಡಿದ. ಠಾಣೆ ಹೊಳೆಯಾಚೆ ಇತ್ತು. ಆ ಮಳೆಯಲ್ಲಿ ಸಂಜೆಯೊಳಗೆ ಯಾರೂ ದಾಟಲಾರರು ಅಂತ ಎಲ್ಲರಿಗೂ ಗೊತ್ತಿತ್ತು.

ಗುಂಡಿ ಸೊಂಟಕ್ಕೆ ಬಂತು. ನೀರು ಬರಲಿಲ್ಲ. ಎದೆಗೆ ಬಂತು. ಗೋಡೆಗಳು ತೇವವಾಗಿದ್ದವು, ತಳ ಗಟ್ಟಿಯಾಗಿತ್ತು. ಪೈಲಿ ಇಡೀ ಆಯುಷ್ಯದಲ್ಲಿ ಅಂಥ ಗುಂಡಿ ಕೆಳಗೇರಿಯವರಿಗಾಗಿ ಅಗೆದಿರಲಿಲ್ಲ. ಮಣ್ಣಿನಲ್ಲಿ ಹಳೆಯ ಹೆಂಟೆಗಳು ಪದರ ಪದರವಾಗಿ ಕಾಣುತ್ತಿದ್ದವು. ಕೆಲವದರ ಮೇಲೆ ಬೆರಳು ಒತ್ತಿದ ಗುರುತು ಹಾಗೇ ಒಣಗಿ ಉಳಿದಿತ್ತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ.

ಪ್ರಾರ್ಥನೆ ಯಾರು ಹೇಳುವುದು ಅನ್ನುವ ಮಾತು ಬಂತು. ಎಲ್ಲರೂ ಗೇಟಿನ ಕಡೆ ನೋಡಿದರು. ಅಚ್ಚನ್ ಸರಳು ಹಿಡಿದು ನಿಂತಿದ್ದರು. ಪವಿತ್ರಗೊಳಿಸದ ಮಣ್ಣಿನಲ್ಲಿ, ಬಿಷಪ್ ಅವರ ಅಪ್ಪಣೆಯಿಲ್ಲದೆ ತನಗೆ ಸಾಧ್ಯವಿಲ್ಲ ಅಂದರು. ಅವರ ಕಣ್ಣು ಒದ್ದೆಯಾಗಿತ್ತು ಅಂತ ಆಮೇಲೆ ಕೆಲವರು ಹೇಳಿದರು. ಮಳೆಯಲ್ಲಿ ಅದನ್ನು ಖಚಿತವಾಗಿ ಹೇಳುವುದು ಕಷ್ಟ. ರಾಹೇಲ್ ಬಾಯಿಪಾಠ ಬರುತ್ತಿದ್ದ ಪ್ರಾರ್ಥನೆ ಹೇಳಿದಳು. ನಡುವೆ ಮರೆತ ಕಡೆ ಹೆಂಗಸರು ಹಾಡಿ ತುಂಬಿಸಿದರು. ಚೋತಿಗೆ ಅವರ ಪ್ರಾರ್ಥನೆ ಬರುತ್ತಿರಲಿಲ್ಲ. ಅವನು ಪೆಟ್ಟಿಗೆಯ ತಲೆಯ ಕಡೆ ಬಗ್ಗಿ, "ರಾಹೇಲ್ ಬೈದ್ರೆ ಬೈಲಿ, ಚಿಕ್ಕಮ್ಮಾ, ಇವತ್ತು ನಿನ್ನ ಮಗ ಮನುಷ್ಯ ಆದ," ಅಂದ. ರಾಹೇಲ್ ಬೈಯಲಿಲ್ಲ.

ಹಗ್ಗ ಹಾಕಿ ಪೆಟ್ಟಿಗೆ ಇಳಿಸಿದರು. ತಳಕ್ಕೆ ತಾಗಿದ ಸದ್ದು ಕೇಳಿಸಿತು. ಹಗ್ಗ ಎಳೆದುಕೊಂಡರು. ಔತ ಮಣ್ಣು ತಳ್ಳಲು ಗುದ್ದಲಿ ಎತ್ತಿದ. ಆಗ ಪೈಲಿ ಗುಂಡಿಯ ಅಂಚಿನಲ್ಲಿ ಕೂತು ಒಂದು ಕಾಲು ಒಳಗಿಟ್ಟ. ಕಾಲು ತಾನಾಗಿ ಹೋಗಿತ್ತು.

ರಾಹೇಲ್ ಅವನ ತೋಳು ಹಿಡಿದಳು.

"ಬ್ಯಾಡ," ಅಂದಳು. "ನೋಡು. ಅವಳು ಮಲಗವ್ಳೆ."

ಪೈಲಿ ಕಾಲು ಹೊರಗೆ ತೆಗೆದ. ಹಾಗೇ ಅಂಚಿನಲ್ಲಿ ಕೂತು ಕೆಳಗೆ ನೋಡುತ್ತಿದ್ದ. ಪೆಟ್ಟಿಗೆ ಏಳುತ್ತದೆ ಅಂತ ಕಾದ. ಎಲ್ಲರೂ ಅವನ ಜೊತೆ ಕಾದರು. ಪೆಟ್ಟಿಗೆ ಅಲುಗಲಿಲ್ಲ. ಮಳೆನೀರು ಮುಚ್ಚಳದ ಮೇಲೆ ಬಿದ್ದು ಬದಿಗೆ ಹರಿದು ಮಣ್ಣಿನಲ್ಲಿ ಇಂಗುತ್ತಿತ್ತು. ಆಗ ಮೊದಲ ಬಾರಿಗೆ ಅವನು ಅತ್ತ. ಅತ್ತದ್ದು ಸ್ವಲ್ಪ ಹೊತ್ತು ಮಾತ್ರ. ಎದ್ದು, ಕೈಯಾರೆ ಒಂದು ಹೆಂಟೆ ಎತ್ತಿ ತಾಯಿಯ ಮೇಲೆ ಇಟ್ಟ. ಎಸೆಯಲಿಲ್ಲ, ಬಗ್ಗಿ ಇಟ್ಟ.

ಪೊಲೀಸರು ಮರುದಿನ ಬಂದರು. ಅತಿಕ್ರಮಣ ಮತ್ತು ಪರಂಪರೆಯ ಸ್ವತ್ತಿಗೆ ಅಪಾಯ ತಂದ ಆರೋಪದ ಮೇಲೆ ಪೈಲಿ, ಔತ, ಚೋತಿ ಮೂವರ ಮೇಲೂ ಮೊಕದ್ದಮೆ ಹಾಕಿದರು. ಚೋತಿಯ ಹೆಸರಿನ ಮುಂದೆ ಬೇರೆ ಧರ್ಮದವನು ಅಂತ ಸೇರಿಸಿ ಇನ್ನೊಂದು ಕಲಮು ಹಾಕಿದರು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಕೆಳಗೇರಿಯಿಂದ ಯಾರೂ ಮುಳುಗಲು ಬರಲಿಲ್ಲವಾದ್ದರಿಂದ ಸಮಿತಿ ಬೇರೆ ಊರಿನಿಂದ ಹೂಳೆತ್ತುವ ಯಂತ್ರ ತರಿಸಿ ಕುಸಿದ ಜಾಗ ಮುಚ್ಚಿಸಿತು. ಏಲಿಯನ್ನು ಹೂತ ಕಡೆ ಒಡ್ಡು ಗಟ್ಟಿಯಾಗೇ ಇದೆ. ಶಿಲುಬೆ ಬಿದ್ದಿಲ್ಲ. ಚಿಂಗಮಾಸದಲ್ಲಿ ಬಿಷಪ್ ಬಂದು ಫಲಕ ತೆರೆದರು. ಮಂತ್ರಿಗಳು ಬರಲಿಲ್ಲ. ಅಚ್ಚನ್‌ಗೆ ಬೇರೆ ಊರಿಗೆ ವರ್ಗವಾಯಿತು.

ಆ ಮಳೆಗಾಲ ಮುಗಿಯುವ ಮೊದಲು ಕೆಳಗೇರಿಯಲ್ಲಿ ಇನ್ನಿಬ್ಬರು ಸತ್ತರು. ಇಬ್ಬರನ್ನೂ ಒಡ್ಡಿನ ಮೇಲೆ, ಏಲಿಯ ಪಕ್ಕದಲ್ಲಿ ಹೂತರು. ಪೆಟ್ಟಿಗೆಯ ಮೇಲೆ ಯಾರೂ ನಿಲ್ಲಲಿಲ್ಲ.